ಅತ್ತೆ ಕೊಟ್ಟುಹೋದ ಬೆಳ್ಳಿ ಚಿಪ್ಪು

ಅಂಗಡಿಯ ಮೇಲಿನ ಕೋಣೆ
ಭಾನುವಾರ, ಮಾರ್ಚ್ ೯

ನನ್ನ ಗುಬ್ಬಿಗೆ, ನಿನ್ನ ಅತ್ತಿಗೆಯ ಅಕ್ಕರೆಯ ನೆನಪುಗಳು.

ಈ ಕಾಗದವನ್ನು ಕೂತು ಓದು. ಕಾಲು ಊದಿಕೊಂಡಿದೆ ಎಂದಿದ್ದೆಯಲ್ಲ, ಇನ್ನೊಂದು ಕುರ್ಚಿ ಎಳೆದುಕೊಂಡು ಅದರ ಮೇಲೆ ಕಾಲು ಚಾಚಿಕೋ. ಪಕ್ಕದಲ್ಲಿ ನೀರು ಇಟ್ಟುಕೋ. ಓದುತ್ತಾ ಹೋದಂತೆ ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ಬಾಯಿತುಂಬ ಬಯ್ಯಿ. ಅರ್ಧಕ್ಕೆ ಮಡಚಿಡಬೇಡ, ಅಷ್ಟೆ. ಇದು ನಿಮ್ಮಮ್ಮನ ವಿಷಯ ಎಂದು ಕಂಡರೂ ನಿಜವಾಗಿ ನಿನ್ನ ಹೊಟ್ಟೆಯೊಳಗಿರುವ ಮಗುವಿನ ವಿಷಯ. ಅದು ಹುಟ್ಟಿದ ಕೂಡಲೇ, ಯಾರೂ ಅದಕ್ಕೆ ಹಾಲು ಕುಡಿಸುವ ಮೊದಲು, ಒಂದು ಕೆಲಸ ಆಗಬೇಕು. ಅದನ್ನು ಮಾಡಿಸದೆ ನಾನು ಬಿಡುವವಳಲ್ಲ.

ಫೋನಿನಲ್ಲಿ ಹೇಳಲು ನೋಡಿದೆ. ಆ ಬೆಳ್ಳಿ ಸಾಮಾನು ಏನೆಂದು ಗೊತ್ತಾಯಿತು, ಅದು ನಿಮ್ಮಮ್ಮನ... ಎನ್ನುವಷ್ಟರಲ್ಲಿ ನೀನು, "ಅತ್ತಿಗೆ, ಸತ್ತವರ ಮೇಲೆ ಗೂಬೆ ಕೂರಿಸಬೇಡಿ. ಅಮ್ಮ ಹೋಗಿ ಇನ್ನೂ ಕಣ್ಣೀರು ಆರಿಲ್ಲ" ಎಂದು ಫೋನ್ ಇಟ್ಟುಬಿಟ್ಟೆ. ನಿನ್ನದು ತಪ್ಪು ಎನ್ನಲಾರೆ. ನಾನು ಮಾತಿನಲ್ಲಿ ಮೊದಲಿನಿಂದಲೂ ಹಿಂದೆ. ದಿನಚರಿ ಬರೆದುಕೊಂಡು ಕಾಲ ಹಾಕುವವಳು. ಬರೆದರೆ ನನ್ನ ಮಾತು ತಲೆ ಮುಂದಾಗಿ ಬರುತ್ತದೆ, ಬಾಯಿ ಬಿಟ್ಟರೆ ಕಾಲು ಮುಂದಾಗಿ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನೀನು ಆ ಡಬ್ಬಿ ತಂದು ಕೊಟ್ಟ ದಿನ ನೆನಪಿದೆಯಾ? ಗಂಟಲು ನೋವಿನ ಪೆಪ್ಪರ್‌ಮಿಂಟಿನ ಹಳೆಯ ತಗಡಿನ ಡಬ್ಬಿ. ಅಂಗಡಿಯ ಬಾಗಿಲಲ್ಲೇ ನಿಂತು, "ಅಮ್ಮ ಕೊನೇಲಿ ಎರಡೇ ಸಲ ಸರಿಯಾಗಿ ಮಾತಾಡಿದ್ದು. ಒಂದು ಸಲ ಕಿಟಕಿ ಹಾಕು ಅಂತ. ಇನ್ನೊಂದು ಸಲ, ಇದನ್ನ ಟೈಲರ್‌ಗೆ ಕೊಡು ಅಂತ" ಎಂದೆ. ನಾನು ನಿಮ್ಮ ಮನೆ ಬಿಟ್ಟು ಬಂದ ಮೇಲೆ ಅತ್ತೆಯ ಬಾಯಲ್ಲಿ ನಾನು ಸೊಸೆ ಹೋಗಿ ಟೈಲರ್ ಆಗಿದ್ದೆ. ನಿನಗೆ ಓಲೆ ಬಂತು, ನಿಮ್ಮಣ್ಣನಿಗೆ ಮಾವನವರ ಗಡಿಯಾರ ಬಂತು. ನನಗೆ ಬಂದದ್ದು ಈ ಡಬ್ಬಿ. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಬೆಳ್ಳಿಯ ತುಂಡು. ಚೀಟಿಯಿಲ್ಲ, ಗೀಟಿಯಿಲ್ಲ.

ನಾವಿಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಮೊಟ್ಟೆಯ ಓಡಿನ ಅರ್ಧದಂತೆ ಬಾಗಿದ, ಕಾಗದಕ್ಕಿಂತ ಸ್ವಲ್ಪ ದಪ್ಪದ ಚಿಪ್ಪು. ಒಂದು ತುದಿ ದುಂಡಗೆ. ಇನ್ನೊಂದು ತುದಿಯಲ್ಲಿ ಪುಟ್ಟ ನಾಲಿಗೆಯಂಥ ಚಾಚು. ಅಂಚಿನಲ್ಲಿ ಎರಡು ಕಡೆ ಸಣ್ಣ ಕೊಕ್ಕೆ. ಹಿಡಿಯಿಲ್ಲ, ಕಾಲಿಲ್ಲ, ನಿಲ್ಲಿಸಿದರೆ ನಿಲ್ಲುವುದಿಲ್ಲ, ತೂಗುಹಾಕಲು ಬಳೆಯಿಲ್ಲ. ನನ್ನ ಅಂಗಡಿಯಲ್ಲಿ ಗುಂಡಿ ಹೊಲಿದುಕೊಡುವ ಗುಂಡಿ ಅಜ್ಜಿ ಗೊತ್ತಲ್ಲ, ಅವರು ಕನ್ನಡಕ ಹಣೆಗೇರಿಸಿ, "ಇಲಿಗೆ ಟೋಪಿ ಹೊಲಿಸಿದ್ರೇನೇ ನಿಮ್ಮತ್ತೆ?" ಎಂದರು. ನೀನು ನಕ್ಕೆ. ಅಮ್ಮ ಹೋದ ಮೇಲೆ ನೀನು ನಕ್ಕಿದ್ದು ಅದೇ ಮೊದಲಿರಬೇಕು, ನಕ್ಕ ಮೇಲೆ ಕಣ್ಣೀರು ಹಾಕಿದೆ.

ನೀನು ಹೋದ ಮೇಲೆ ನನಗೆ ನಗು ಬರಲಿಲ್ಲ. ಸಾಯುವ ಮೊದಲು ಉಸಿರು ಕೂಡಿಸಿಕೊಂಡು ಒಬ್ಬಳ ಹೆಸರು ಹೇಳಿ ಒಂದು ವಸ್ತು ಕೊಡಿಸುತ್ತಾರೆ ಎಂದರೆ ಅದು ತಮಾಷೆಯಾಗಿರಲಿಕ್ಕಿಲ್ಲ. ಒಂದೋ ಕೊನೆಯ ಕುಟುಕು, ಇಲ್ಲವೇ ಬಾಯಿಬಿಟ್ಟು ಹೇಳಲಾಗದ ಏನೋ ಒಂದು. ಎರಡರಲ್ಲಿ ಯಾವುದೆಂದು ತಿಳಿಯದೆ ನನಗೆ ಕತ್ತರಿ ಓಡುವುದಿಲ್ಲ ಎನ್ನಿಸಿತು.

ಇನ್ನು ನನ್ನ ಮಗಳ ವಿಷಯ ಬರೆಯಲೇಬೇಕು. ಆಗ ನೀನು ಹಾಸ್ಟೆಲಿನಲ್ಲಿದ್ದೆ. ನಿನಗೆ ಹೇಳಿದ್ದು, "ಮಗು ಉಳೀಲಿಲ್ಲ" ಎಂಬ ಎರಡು ಪದ. ನಡೆದದ್ದನ್ನು ಯಾರೂ ಹೇಳಿರಲಿಕ್ಕಿಲ್ಲ.

ಹುಟ್ಟಿದಾಗ ಅವಳು ನೋಡಲು ಯಾವ ಕುಂದೂ ಇಲ್ಲದ ಮಗು. ತುಟಿ ಸರಿ, ಮೂಗು ಸರಿ, ಅಳು ಮಾತ್ರ ಸಣ್ಣದು. ಹಾಲು ಕುಡಿಯಲು ಬಾಯಿ ಹಾಕುವಳು, ಎಳೆಯಲು ಬರುತ್ತಿರಲಿಲ್ಲ. ಬಾಟಲಿಯಲ್ಲಿ ಕೊಟ್ಟರೆ ಮೂಗಿನಿಂದ ವಾಪಸ್ಸು. ಕೆಮ್ಮಿ ಕೆಮ್ಮಿ ನೀಲಿಯಾಗುವಳು. ಅತ್ತೆ ಬಾಗಿಲಲ್ಲಿ ನಿಂತು, "ಎರಡು ಕೈಯಿರೋ ಹೆಂಗಸಿಗೆ ಒಂದು ಮಗು ಹಿಡ್ಕೊಳ್ಳೋಕೆ ಬರಲ್ವಾ? ಹೊಲಿಗೆ ಮಿಷನ್ ಅಲ್ಲ ಅದು, ತುಳಿದ್ರೆ ಓಡೋಕೆ" ಎನ್ನುತ್ತಿದ್ದರು. ಬಂದವರೆಲ್ಲ ನನ್ನ ಕೈ ಸರಿಮಾಡಿ ಹೋದರು. ನನಗೆ ಹಾಲು ಕುಡಿಸಲು ಬಾರದು ಎಂದು ನಾನೇ ನಂಬಿದೆ.

ಮೈ ಬಿಸಿಯಾಗಿ ಉಸಿರು ಎಳೆಯತೊಡಗಿದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಟಾರ್ಚು ಹಾಕಿ ಬಾಯಿ ನೋಡಿದರು. ಅಂಗುಳದ ಹಿಂಭಾಗ ಸೀಳಿದೆ, ಹಾಲೆಲ್ಲ ಶ್ವಾಸಕೋಶಕ್ಕೆ ಹೋಗಿದೆ ಎಂದರು. "ನಿಮ್ಮಲ್ಲಿ ಮೊದಲು ಯಾರಿಗಾದ್ರೂ ಹೀಗಿತ್ತಾ?" ಎಂದು ಕೇಳಿದರು. ಅತ್ತೆ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅದನ್ನು ತೆಗೆಯದೆ, "ನಮ್ಮ ಕಡೆ ಏಳು ತಲೆಮಾರಲ್ಲಿ ಇಲ್ಲ. ಅವಳ ಕಡೆ ಕೇಳಿ" ಎಂದರು. ನನ್ನ ಅಪ್ಪ ಅನಾಥಾಲಯದಲ್ಲಿ ಬೆಳೆದವರು. ಅವರ ಹಿಂದೆ ಯಾರಿದ್ದರೋ ಅವರಿಗೇ ತಿಳಿಯದು. ನಾನು "ಗೊತ್ತಿಲ್ಲ" ಎಂದೆ. ಆ ಮಾತೇ ತೀರ್ಪಾಯಿತು. ಗುಬ್ಬಿ, ಆಗ ನಿಮ್ಮಣ್ಣ ತಿರುಗಿ ನನ್ನನ್ನು ಒಂದು ಸಲ ನೋಡಿದರು. ಆ ನೋಟದ ಜೊತೆ ಒಂದೇ ಮನೆಯಲ್ಲಿ ಇರಲು ನನ್ನಿಂದ ಆಗಲಿಲ್ಲ, ಅಷ್ಟೇ ಕತೆ. ಜಗಳ ಆಡಿದೆವು, ಇನ್ನೊಬ್ಬಳಿದ್ದಳು, ದುಡ್ಡಿನ ವಿಷಯ ಎಂದೆಲ್ಲ ಜನ ಹೇಳಿದ್ದು ಜನರ ಪುರುಸೊತ್ತು.

ಈಗ ಬೆಳ್ಳಿಯ ವಿಷಯಕ್ಕೆ ಬರುತ್ತೇನೆ.

ಮೊದಲು ಹಳೇ ಸಾಮಾನಿನ ಅಂಗಡಿಯವನ ಬಳಿ ಹೋದೆ. ಅವನು ಅದನ್ನು ಮೂಸಿ ಕೂಡ ನೋಡಿದ. ದೊಡ್ಡ ಮನೆತನದವರು ಗಿಣಿಗೆ ಕಾಳು ಹಾಕುತ್ತಿದ್ದ ಬಟ್ಟಲು, ಕೊಕ್ಕೆ ಪಂಜರಕ್ಕೆ ಸಿಕ್ಕಿಸಲು ಎಂದ. ಸರಿ, ಪಕ್ಕದಲ್ಲೇ ಅವನದೊಂದು ಪಂಜರ ತೂಗುತ್ತಿತ್ತು, ಸಿಕ್ಕಿಸಿ ತೋರಿಸಪ್ಪ ಎಂದೆ. ಕೊಕ್ಕೆ ಕಂಬಿಗೆ ಹಿಡಿಯಲೇ ಇಲ್ಲ. "ಆ ಕಾಲದ ಗಿಣಿ ಬೇರೆ ಥರ ಇದ್ವು ಬಿಡಿ" ಎಂದ.

ಬೆಳ್ಳಿ ಕೆಲಸದವರು ಹಾಗೆ ಬಾಯಿಗೆ ಬಂದದ್ದು ಹೇಳಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ಇದು ಏನೆಂದು ತನಗೆ ತಿಳಿಯದು ಎಂದು ಮೊದಲೇ ಒಪ್ಪಿಕೊಂಡರು. ತಿಳಿದಷ್ಟನ್ನು ಹೇಳಿದರು. "ಒಡವೆ ಅಲ್ಲಮ್ಮ. ಒಡವೆ ಆದ್ರೆ ಕಾಣೋ ಕಡೆ ಚೆಂದ ಮಾಡ್ತೀವಿ, ಒಳಗಡೆ ಹಾಗೇ ಬಿಡ್ತೀವಿ. ಇದನ್ನ ಎರಡೂ ಕಡೆ ಒಂದೇ ಸಮ ನುಣ್ಣಗೆ ಉಜ್ಜಿದ್ದಾರೆ. ಯಾರಿಗೂ ಕಾಣಲಿ ಅಂತ ಮಾಡಿದ್ದಲ್ಲ, ಯಾರಿಗೋ ಚುಚ್ಚದೇ ಇರ್ಲಿ ಅಂತ ಮಾಡಿದ್ದು." ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟು ಬಲಗಡೆಯ ಅಂಚು ತೋರಿಸಿದರು. ಅಲ್ಲಿ ಉಗುರಿನಷ್ಟು ಅಗಲದ ಬೇರೆ ಬೆಳ್ಳಿಯನ್ನು ಆಮೇಲೆ ಬೆಸೆದಿದ್ದರು. ಕೊಕ್ಕೆಗಳನ್ನೂ ಹಳೆಯ ಜಾಗದಿಂದ ಕಿತ್ತು ಹೊಸ ಜಾಗಕ್ಕೆ ಹಾಕಿದ್ದರು. ಕಿತ್ತ ಜಾಗದಲ್ಲಿ ಮಚ್ಚೆಯಂತೆ ಎರಡು ಕಲೆ. "ಉಜ್ಜಿ ಹೊಳಪು ಕೊಡ್ಲಾ?" ಎಂದರು. ಬೇಡ, ಇರುವ ಕಲೆಗಳೇ ನನಗೆ ಬೇಕು ಎಂದು ಎತ್ತಿಕೊಂಡು ಬಂದೆ.

ಅವರ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕತ್ತರಿಸುವ ಮೇಜಿನ ಮೇಲೆ ಕಾಗದ ಹಾಸಿ, ಚಿಪ್ಪನ್ನು ಬೋರಲು ಹಾಕಿ, ಸುತ್ತ ಪೆನ್ಸಿಲ್ ಎಳೆದೆ. ಕಾಗದವನ್ನು ನಡುವೆ ಸರಿಯಾಗಿ ಮಡಚಿದೆ. ಎರಡು ಅರ್ಧ ಒಂದಕ್ಕೊಂದು ಕೂಡಲಿಲ್ಲ. ಎಡಗಡೆ ಸ್ವಲ್ಪ ಉಬ್ಬು, ಬಲಗಡೆ ಸ್ವಲ್ಪ ತಗ್ಗು.

ನೀನು ನಗಬೇಡ, ನನಗೆ ಮೈ ಜುಮ್ಮೆಂದದ್ದು ಆಗಲೇ. ನಾನು ಇಷ್ಟು ವರ್ಷ ಅಳತೆ ಪಟ್ಟಿ ಹಿಡಿದಿದ್ದೇನೆ, ಎರಡು ಭುಜ ಸಮನಾಗಿರುವ ಮನುಷ್ಯನನ್ನು ಇವತ್ತಿನವರೆಗೆ ಕಂಡಿಲ್ಲ. ಬಟ್ಟಲು, ಚಮಚ, ತಟ್ಟೆ ಯಾವುದನ್ನು ಮಡಚಿದರೂ ಕೂಡುತ್ತದೆ. ಅಂಗಡಿಯಲ್ಲಿ ತೂಗುಹಾಕುವ ಸಿದ್ಧ ಉಡುಪು ಕೂಡುತ್ತದೆ. ಕೂಡದೇ ಇರುವುದು ಒಬ್ಬರ ಮೈಯ ಅಳತೆ ಹಿಡಿದು ಕತ್ತರಿಸಿದ್ದು ಮಾತ್ರ. ಇದು ಯಾರದೋ ಮೈಗೆ ಹೊಲಿದ ಬೆಳ್ಳಿ. ಆ ಬೆಸುಗೆ, ಆ ಕಿತ್ತು ಹಾಕಿದ ಕೊಕ್ಕೆ ನನಗೆ ಚೆನ್ನಾಗಿ ಪರಿಚಯದ ಕೆಲಸ. ಅಪ್ಪನ ಕೋಟು ಬಿಚ್ಚಿ ಮಗನಿಗೆ ಹೊಲಿಯುವಾಗ ನಾನೂ ಹೀಗೇ ಅಂಚಿಗೆ ಪಟ್ಟಿ ಕೊಡುತ್ತೇನೆ, ಗುಂಡಿ ಕಿತ್ತು ಹೊಸ ಜಾಗಕ್ಕೆ ಹಾಕುತ್ತೇನೆ, ಹಳೆಯ ದಾರದ ಗುರುತು ಹಾಗೇ ಉಳಿಯುತ್ತದೆ. ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಸರಿಮಾಡಿದ್ದರು.

ಆದರೆ ಮೈಯ ಯಾವ ಭಾಗ? ನಾನೂ ಗುಂಡಿ ಅಜ್ಜಿಯೂ ಅಂಗಡಿಯ ಪರದೆ ಎಳೆದು ಅದನ್ನು ಎಲ್ಲೆಲ್ಲಿ ಇಟ್ಟು ನೋಡಿದೆವು ಎಂದು ಬರೆದರೆ ಪೋಸ್ಟಿನವರು ಕಾಗದ ಸುಟ್ಟಾರು. ಮೊಣಕೈಗೆ ಇಟ್ಟೆವು, ಹಿಮ್ಮಡಿಗೆ ಇಟ್ಟೆವು, ಗಲ್ಲಕ್ಕೆ, ಕಿವಿಗೆ. "ಕಣ್ಣಿಗೆ ಇಡೇ, ಕುರುಡನ ಕಣ್ಣಿನ ಮುಚ್ಚಳ ಇರ್ಬೋದು" ಎಂದರು ಅಜ್ಜಿ. ಕಣ್ಣಿಗೂ ಇಟ್ಟೆ. "ಥೂ, ಕಡಲುಗಳ್ಳಿ ಥರ ಕಾಣ್ತೀಯ, ತೆಗಿ" ಎಂದರು.

ಮರುದಿನ ಚಹಾದ ಹೊತ್ತಿಗೆ ಗಟ್ಟಿ ಬಿಸ್ಕತ್ತು ಬಂತು. ಗಟ್ಟಿ ಬಿಸ್ಕತ್ತು ಬಂದರೆ ಗುಂಡಿ ಅಜ್ಜಿ ತಮ್ಮ ಹಲ್ಲಿನ ಸೆಟ್ ತೆಗೆದು ಪಕ್ಕಕ್ಕಿಟ್ಟು, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಚೀಪುತ್ತಾರೆ. ಅವತ್ತು ಸೆಟ್ಟನ್ನು ಮೇಜಿನ ಮೇಲೆ, ಆ ಚಿಪ್ಪಿನ ಪಕ್ಕದಲ್ಲೇ ಇಟ್ಟರು. ನಾನು ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತೆ. ಗುಲಾಬಿ ಬಣ್ಣದ ಆ ಮೇಲ್ದವಡೆಯ ಕಮಾನು, ಅದೇ ದುಂಡು, ಅದೇ ಬಾಗು. ಚಿಪ್ಪಿನಲ್ಲಿ ಹಲ್ಲಿಲ್ಲ, ಉಳಿದದ್ದೆಲ್ಲ ಅದೇ. ಕೊಕ್ಕೆ ಇದ್ದದ್ದು ಅಕ್ಕಪಕ್ಕದ ಹಲ್ಲಿಗೆ ಸಿಕ್ಕಿಸಲು.

ಚಿಪ್ಪನ್ನು ಕೈಗೆತ್ತಿಕೊಂಡೆ. ಬಾಯಿಯ ಮೇಲ್ಛಾವಣಿ, ಹಿಂದೆ ಚಾಚಿದ ನಾಲಿಗೆ. ನನ್ನ ಮಗಳ ಬಾಯಿಯಲ್ಲಿ ಡಾಕ್ಟರ ಟಾರ್ಚು ಬಿದ್ದ ಜಾಗ ಯಾವುದೋ, ಈ ಬೆಳ್ಳಿಯ ನಾಲಿಗೆ ಹೋಗಿ ಕೂರುವ ಜಾಗವೂ ಅದೇ.

ಊಹೆಯ ಮೇಲೆ ನಾನು ನಿನಗೆ ಕಾಗದ ಬರೆಯುವವಳಲ್ಲ. ಹಲ್ಲಿನ ಡಾಕ್ಟರಮ್ಮನ ಬಳಿ ಹೋದೆ. ಅವರು ನೋಡಿದ ಕೂಡಲೇ ಕುರ್ಚಿಯಲ್ಲಿದ್ದ ರೋಗಿಯನ್ನು ಬಾಯಿ ಮುಚ್ಚಿಕೊಂಡು ಸ್ವಲ್ಪ ಇರಿ ಎಂದು ಹೇಳಿ, ಕಿಟಕಿಯ ಬಳಿ ತೆಗೆದುಕೊಂಡು ಹೋದರು. "ಇದು ಎಲ್ಲಿ ಸಿಕ್ತು ನಿಮಗೆ? ನಾನು ಪುಸ್ತಕದಲ್ಲಿ ನೋಡಿದ್ದು ಬಿಟ್ರೆ ಕೈಯಲ್ಲಿ ಹಿಡಿದಿದ್ದು ಇವತ್ತೇ" ಎಂದರು. ಹುಟ್ಟುವಾಗಲೇ ಅಂಗುಳ ಸೀಳಿರುವವರಿಗೆ, ಈಗಿನಂತೆ ಆಪರೇಷನ್ ಇಲ್ಲದ ಕಾಲದಲ್ಲಿ, ಬಾಯಿಯ ಅಚ್ಚು ತೆಗೆದು ಹೀಗೆ ಬೆಳ್ಳಿಯ ಮುಚ್ಚಳ ಮಾಡಿಕೊಡುತ್ತಿದ್ದರಂತೆ. ಇದು ಬಾಯಲ್ಲಿದ್ದರೆ ಮಾತು ಬಾಯಿಂದ ಬರುತ್ತದೆ. ತೆಗೆದರೆ ಮಾತೂ ಮೂಗಿಂದ, ಕುಡಿದ ನೀರೂ ಮೂಗಿಂದ. ಅಂಚಿನ ಬೆಸುಗೆಯ ವಿಷಯ ನಾನು ಹೇಳಿದಾಗ ಅವರು ಮೇಣ ಒತ್ತಿ ನೋಡಿ ಹೌದೆಂದರು. "ಇದು ಎರಡು ಬಾಯಿ ಕಂಡಿದೆ. ಒಂದೇ ಮನೆಯವ್ರೇ ಇರ್ಬೇಕು. ಊರವರ ಬಾಯಲ್ಲಿದ್ದದ್ದನ್ನ ಯಾರು ಹಾಕ್ಕೋತಾರೆ ಹೇಳಿ?" ಎಂದರು.

ಅಂದರೆ ನಿಮ್ಮಮ್ಮನ ಅಪ್ಪನಿಗೋ ಅಮ್ಮನಿಗೋ ಮೊದಲು, ಆಮೇಲೆ ನಿಮ್ಮಮ್ಮನಿಗೆ.

ಇಲ್ಲಿ ನೀನು "ಅದು ಅಮ್ಮನದೇ ಅಂತ ಏನು ಗ್ಯಾರಂಟಿ?" ಎನ್ನುತ್ತೀಯ. ನಾನೂ ಅಂದುಕೊಂಡೆ. ಅದಕ್ಕೆ ಸಾಕ್ಷಿ ನನ್ನ ಬಳಿ ಇಲ್ಲ ಗುಬ್ಬಿ, ನಿನ್ನ ಬಳಿ ಇದೆ. ನಿಮ್ಮಮ್ಮನ ಕೋಣೆಯ ಕಪಾಟಿನಲ್ಲಿ ಮುಚ್ಚಳವಿದ್ದ ಒಂದು ಪಿಂಗಾಣಿ ಬಟ್ಟಲು ಇತ್ತು. ಬಾಗಿಲು ಹಾಕಿಕೊಂಡು ಅದರಲ್ಲಿ ಏನೋ ನೆನೆಹಾಕುತ್ತಿದ್ದರು. ಅಮ್ಮನ ಹಲ್ಲಿನ ಸೆಟ್ ಎಂದು ನೀವು ಮಕ್ಕಳು ತಿಳಿದಿರಿ, ಸೊಸೆ ನಾನೂ ತಿಳಿದೆ. ಆದರೆ ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ನೀನೇ ನನಗೆ ಹೆಮ್ಮೆಯಿಂದ ಹೇಳಿದ್ದೆ, ಈ ವಯಸ್ಸಿನಲ್ಲೂ ಅಮ್ಮನ ಹಲ್ಲು ಒಂದೂ ಬಿದ್ದಿಲ್ಲ, ಎಲ್ಲ ಸ್ವಂತದ್ದು ಎಂದು ಡಾಕ್ಟರು ಹೊಗಳಿದರು ಅಂತ. ಹಲ್ಲೆಲ್ಲ ಬಾಯಲ್ಲಿದ್ದರೆ ಬಟ್ಟಲಲ್ಲಿ ನೆನೆಯುತ್ತಿದ್ದದ್ದು ಏನು? ಬೆಳ್ಳಿಯ ಕಾಲ ಮುಗಿದ ಮೇಲೆ ಅವರು ಗುಲಾಬಿ ಬಣ್ಣದ ಹೊಸದೊಂದು ಮಾಡಿಸಿಕೊಂಡಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಇನ್ನೂ ಯೋಚಿಸು. ಮೇಣದ ಬತ್ತಿಯನ್ನು ನಿಮ್ಮಮ್ಮ ಊದಿ ಆರಿಸಿದ್ದನ್ನು ಕಂಡಿದ್ದೀಯಾ? ಬೆರಳಲ್ಲಿ ಚಿವುಟುತ್ತಿದ್ದರು. ಊದಬೇಕಾದರೆ ಉಸಿರು ಮೂಗಿಗೆ ಸೋರದೆ ಬಾಯಲ್ಲಿ ನಿಲ್ಲಬೇಕಲ್ಲ. ನಾವೆಲ್ಲ ಅದನ್ನು ಧೈರ್ಯ ಎಂದೆವು. ವರ್ಷವಿಡೀ ನೆಗಡಿ ಎಂದು ಕರವಸ್ತ್ರ ಹಿಡಿದೇ ಇರುತ್ತಿದ್ದರಲ್ಲ, ಒಂದು ದಿನವಾದರೂ ಸೀನಿದರಾ? ಎಲ್ಲರೂ ಉಂಡು ಎದ್ದ ಮೇಲೆ ಒಬ್ಬರೇ ಕೂತು ಊಟ ಮಾಡುತ್ತಿದ್ದರು. ಮನೆಯವರ ಹೊಟ್ಟೆ ಮೊದಲು ಎನ್ನುವ ದೊಡ್ಡ ಮನಸ್ಸು ಎಂದುಕೊಂಡಿದ್ದೆ.

ಇದನ್ನೆಲ್ಲ ಕೂಡಿಸುತ್ತಾ ಹೋದಾಗ ಇನ್ನೊಂದು ನೆನಪಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮಗು ಹುಟ್ಟಿದ ಎರಡನೆಯ ದಿನವೋ ಮೂರನೆಯದೋ, ಬೆಳಿಗ್ಗೆ ನಾನು ಅತ್ತು ಸೋತು ಮಂಪರಿನಲ್ಲಿದ್ದೆ. ಕಣ್ಣು ಬಿಟ್ಟರೆ ಅತ್ತೆ ಬಾಗಿಲು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದರು. ಮಗುವನ್ನು ಮಲಗಿಸಿಕೊಂಡಿರಲಿಲ್ಲ, ನೆಟ್ಟಗೆ ಕೂರಿಸಿ ಹಿಡಿದಿದ್ದರು. ಚಮಚದ ತುದಿಯಿಂದ ಹಾಲನ್ನು ಕೆನ್ನೆಯ ಒಳಗೆ ಹನಿಹನಿಯಾಗಿ ಬಿಡುತ್ತಿದ್ದರು. ಒಂದು ಹನಿ, ನಿಲ್ಲು, ಇನ್ನೊಂದು ಹನಿ. ಮೂಗಿನಿಂದ ಬರಲಿಲ್ಲ. ಮಗು ನುಂಗಿತು. ಹೊಟ್ಟೆ ತುಂಬಿ ನಿದ್ದೆ ಹೋಯಿತು. ಹೊರಗೆ ಯಾರದೋ ಹೆಜ್ಜೆ ಕೇಳಿದ್ದೇ ತಡ, ಚಮಚ ಮಡಿಲಲ್ಲಿ ಮುಚ್ಚಿಟ್ಟು, "ತಗೋ ನಿನ್ನ ಮಗಳನ್ನ, ಎತ್ತಿಕೊಂಡ ಮಾತ್ರಕ್ಕೆ ಸುಮ್ಮನಾಯ್ತು" ಎಂದು ನನ್ನ ಕೈಗೆ ಕೊಟ್ಟು ಎದ್ದು ಹೋದರು. ನನ್ನ ಕೈಲಾಗದ್ದನ್ನು ಎತ್ತಿ ತೋರಿಸಲು ಬಂದರು ಎಂದು ನಾನು ಆಗ ಉರಿದುಕೊಂಡೆ.

ಅವರಿಗೆ ಗೊತ್ತಿತ್ತು ಗುಬ್ಬಿ. ಏನಾಗಿದೆ ಎನ್ನುವುದೂ ಗೊತ್ತಿತ್ತು, ಹೇಗೆ ಕುಡಿಸಬೇಕೆನ್ನುವುದೂ ಗೊತ್ತಿತ್ತು. ಅವರನ್ನು ಹಾಗೇ ಯಾರೋ ಬದುಕಿಸಿದ್ದರಲ್ಲ. ನನಗೆ ಕಲಿಸಬೇಕಾದರೆ ಕಲಿತದ್ದೆಲ್ಲಿ ಎಂದು ಹೇಳಬೇಕಿತ್ತು. ಆಗ ನಿನಗೆ ಗಂಡು ನೋಡುತ್ತಿದ್ದರು. ಸೀಳಂಗುಳದವಳ ಮಗಳು ಎಂದರೆ ಯಾರು ಬಂದಾರು ಎಂದು ಹೆದರಿದರೋ, ಚಿಕ್ಕಂದಿನಲ್ಲಿ ಬೀದಿ ಮಕ್ಕಳು ಅವರನ್ನು ಏನೆಂದು ಕರೆದಿದ್ದರೋ. ನಾನು ಅವರ ಜಾಗದಲ್ಲಿ ನಿಂತು ನೋಡಲು ಪ್ರಯತ್ನಪಟ್ಟಿದ್ದೇನೆ. ನಿಲ್ಲಲಾಗುವಷ್ಟು ಹೊತ್ತು ನಿಲ್ಲುತ್ತೇನೆ, ಆ ಚಮಚ ಮುಚ್ಚಿಟ್ಟ ಜಾಗಕ್ಕೆ ಬಂದಾಗ ಕಾಲು ಕೀಳುತ್ತೇನೆ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಹೋಗುವ ಮೊದಲು ಅವರು ಅದನ್ನು ಒಲೆಗೆ ಹಾಕಲಿಲ್ಲ, ನದಿಗೆ ಎಸೆಯಲಿಲ್ಲ, ಮಕ್ಕಳಿಗೂ ಕೊಡಲಿಲ್ಲ. ಯಾರಿಗೆ ಕೊಟ್ಟರೆ ಅದು ಏನೆಂದು ಪತ್ತೆ ಹಚ್ಚದೆ ಬಿಡುವುದಿಲ್ಲವೋ ಅವಳಿಗೇ ಕೊಟ್ಟರು. ಟೈಲರ್ ಎಂದರೆ ಅಳತೆ ಓದುವವಳು. ಅಷ್ಟು ನಂಬಿಕೆ ನನ್ನ ಮೇಲೆ ಇತ್ತು ಎನ್ನುವುದು ನನಗೆ ಈಗ ತಿಳಿದ ಸಂಗತಿ. ಇದನ್ನು ಏನು ಮಾಡಬೇಕೋ ತಿಳಿಯದೆ ಮೊನ್ನೆ ಒಂದು ಕೋಟಿನ ತೋಳನ್ನು ತಲೆಕೆಳಗಾಗಿ ಹೊಲಿದೆ.

ನನ್ನ ಅಪ್ಪನ ಕಡೆ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ, ಈಗಲೂ ಗೊತ್ತಿಲ್ಲ. ಯಾರ ಕಡೆಯೂ ಇಲ್ಲದೆಯೂ ಬರಬಹುದಂತೆ. ಆದರೆ ಅಜ್ಜ ಅಜ್ಜಿಯಲ್ಲಿ ಒಬ್ಬರು, ಆಮೇಲೆ ನಿಮ್ಮಮ್ಮ, ಆಮೇಲೆ ನಿಮ್ಮಣ್ಣನ ಮಗಳು. ಈ ದಾರ ನಿನ್ನ ಮೈಯಲ್ಲೂ ಓಡುತ್ತಿರಬಹುದು. ಇದನ್ನು ಹೇಳಿ ನಿನ್ನನ್ನು ಹೆದರಿಸಲು ಹೊರಟಿಲ್ಲ. ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು, ನಿನ್ನ ಮಗುವಿಗೆ ಇರದೇ ಇರುವ ಸಂಭವವೇ ಹೆಚ್ಚು. ಇದ್ದರೂ ಈಗ ಅದು ಮಾರಿಯಲ್ಲ. ಮೊದಲೇ ಗೊತ್ತಾದರೆ ಕುಡಿಸುವ ಬಾಟಲಿ ಬೇರೆ ಇದೆ, ಕೂರಿಸಿ ಕುಡಿಸುವ ಕ್ರಮ ಇದೆ. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಮಾಡಿ ಹೊಲಿದುಬಿಡುತ್ತಾರೆ. ಹೊಲಿಗೆಯಲ್ಲಿ ಸರಿಹೋಗುವ ವಿಷಯಕ್ಕೆ ನಾನು ಒಂದು ಮಗುವನ್ನು ಕಳೆದುಕೊಂಡೆ. ಇನ್ನೊಂದನ್ನು ಕೊಡುವುದಿಲ್ಲ.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟೆ. ನಿನ್ನ ಡಾಕ್ಟರಿಗೆ ಇದನ್ನು ಮೊದಲೇ ಹೇಳು. ತುಟಿ ನೋಡಿ "ಚೆನ್ನಾಗಿದೆ" ಎಂದರೆ ಒಪ್ಪಬೇಡ. ಬಾಯಿ ಪೂರ್ತಿ ತೆರೆಸಿ, ಟಾರ್ಚು ಹಾಕಿ, ಕಿರುನಾಲಿಗೆಯವರೆಗೂ ನೋಡಲಿ, ಬೆರಳಾಡಿಸಿ ನೋಡಲಿ. ಆಮೇಲೆ ಹಾಲು. ನಿನ್ನ ಗಂಡನ ಮನೆಯವರು ಯಾಕೆ ಎಂದು ಕೇಳಿದರೆ, ನಮ್ಮ ಮನೆತನದಲ್ಲಿದೆ ಎಂದು ತಲೆ ಎತ್ತಿ ಹೇಳು. ಅದು ಕಷ್ಟವಾದರೆ, ನಮ್ಮ ಅತ್ತಿಗೆಗೆ ಸ್ವಲ್ಪ ತಲೆ ಸರಿಯಿಲ್ಲ, ಅವಳ ಸಮಾಧಾನಕ್ಕೆ ಎಂದು ಹೇಳು. ನನಗೇನೂ ಬೇಸರವಿಲ್ಲ. ಕೆಲಸ ಆದರೆ ಸಾಕು.

ನಿಮ್ಮಣ್ಣನಿಗೆ ನಾನು ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಆಸ್ಪತ್ರೆಯಲ್ಲಿ ನನ್ನ ಕಡೆ ಬೀರಿದ ಆ ನೋಟವನ್ನು ವಾಪಸ್ ತೆಗೆದುಕೊಂಡು ಹೋಗಲು ಅವರೇ ಬಂದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಕಾಗದ ಮಡಚಿ ನೋಡಲಿ. ಆಮೇಲೆ ಏನೆಂದು ನಾನು ಯೋಚಿಸಿಲ್ಲ. ಅದಕ್ಕೆ ಅವಸರವಿಲ್ಲ. ನಿನ್ನ ಮಗುವಿಗೆ ಅವಸರವಿದೆ.

ಬೆಳ್ಳಿಯನ್ನು ನಿನಗೆ ಕಳಿಸುತ್ತಿಲ್ಲ. ಕರಗಿಸಿ ಮಗುವಿಗೆ ಗೆಜ್ಜೆ ಮಾಡಿಸೋಣ ಎಂದು ಗುಂಡಿ ಅಜ್ಜಿ ಹೇಳಿದರು, ಬೇಡವೆಂದೆ. ಅದು ಅದಾಗಿಯೇ ಇರಲಿ. ನಿಮ್ಮಮ್ಮ ಅಷ್ಟು ವರ್ಷ ಆಡಿದ ಮಾತೆಲ್ಲ ಅದನ್ನು ಮುಟ್ಟಿಕೊಂಡು ಬಂದದ್ದು, ಬಯ್ಗುಳವೂ ಸೇರಿ.

ಅಳು ಬಂದರೆ ಅಳು. ಅತ್ತ ಮೇಲೆ ಏನಾದರೂ ತಿನ್ನು. ಕಾಲು ಕೆಳಗಿಳಿಸಬೇಡ.

ಎಂದಿಗೂ ನಿನ್ನವಳೇ ಆದ
ಅತ್ತಿಗೆ

ತಾ.ಕ. ಡಾಕ್ಟರಿಗೆ ಹೇಳು, ಹೇಳು ಎಂದು ಮೇಲೆ ಅಷ್ಟು ಬರೆದೆನಲ್ಲ, ನೀನು ಒಪ್ಪುತ್ತೀಯೋ ಇಲ್ಲವೋ ಎಂದು ನಾನು ಕಾಯಲಿಲ್ಲ. ಶುಕ್ರವಾರ ಅಂಗಡಿ ಮುಚ್ಚಿ, ಬಸ್ಸು ಹತ್ತಿ ನಿನ್ನ ಆಸ್ಪತ್ರೆಗೆ ಹೋಗಿದ್ದೆ. ನಿನ್ನ ಡಾಕ್ಟರು ಚಿಪ್ಪನ್ನೂ ನೋಡಿದರು, ನನ್ನ ಮಾತನ್ನೂ ಪೂರ್ತಿ ಕೇಳಿದರು, ಹುಟ್ಟಿದ ಕೂಡಲೇ ತಾವೇ ನೋಡುವುದಾಗಿ ಹೇಳಿದರು. ನರ್ಸು, "ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದಳು. ಅಣ್ಣನ ಹೆಂಡತಿ ಎಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ, ಸರಾಗವಾಗಿ ಬಂತು. ಹೆರಿಗೆ ಕೋಣೆಯೊಳಗೆ ಮನೆಯವರಲ್ಲಿ ಒಬ್ಬರನ್ನು ಮಾತ್ರ ಬಿಡುತ್ತಾರಂತೆ, ಯಾರೆಂದು ಬರೆದುಕೊಳ್ಳಲಿ ಎಂದಳು. ನಿನ್ನ ಗಂಡ ಸೂಜಿ ಕಂಡರೆ ತಲೆಸುತ್ತಿ ಬೀಳುವ ಪುಣ್ಯಾತ್ಮ. ನನ್ನನ್ನೇ ಬರೆಸಿ ಬಂದಿದ್ದೇನೆ.